ಊರ ಕಾಡಿನಲ್ಲಿ ಅರ್ಧ ತೆಲೆಕ್ ಎಂದರೆ ಎಷ್ಟು ಪಾಲು?

ಪ್ರಶ್ನೆ: ಹಂಗೇರಿಯ ರೈತರು ಕಾಡನ್ನು ಊರೊಟ್ಟಿನಲ್ಲಿ ಇಟ್ಟುಕೊಂಡಿದ್ದರಂತೆ. ಒಡೆತನ ಯಾರದಿತ್ತು? ಮರ ಹಂಚಿಕೊಳ್ಳುತ್ತಿದ್ದದ್ದು ಹೇಗೆ? ಪದ್ಧತಿ ಕೆಟ್ಟದ್ದು ಎಲ್ಲಿ?

ಉತ್ತರ: ಇದರಲ್ಲಿ ಎರಡು ಬಗೆಯಿವೆ, ಬೆರೆಸಿದರೆ ಲೆಕ್ಕವೇ ತಪ್ಪುತ್ತದೆ.

ಧಣಿಗಳ ಊರಿನಲ್ಲಿ ಕಾಡು ಧಣಿಯದು, ಒಕ್ಕಲಿಗೆ ಇದ್ದದ್ದು ಬಳಸುವ ಹಕ್ಕು ಮಾತ್ರ. 1767ರಲ್ಲಿ ರಾಣಿ ಮರಿಯಾ ತೆರೇಸಾ ತಂದ 'ಉರ್ಬಾರಿಯಂ' ಕಟ್ಟಳೆಯ ಪ್ರಕಾರ ಒಣಗಿ ಬಿದ್ದ ಸೌದೆ ಅವನಿಗೆ ಬಿಟ್ಟಿ. ಅದಕ್ಕೆ ಪ್ರತಿಯಾಗಿ ಧಣಿಗೆ ಸೌದೆ ಕಡಿದು, ಗಾಡಿಯಲ್ಲಿ ಹೊತ್ತು ಹಾಕಬೇಕು. ಮನೆ ಕಟ್ಟುವ ಮರಕ್ಕೆ ಧಣಿಯ ಒಪ್ಪಿಗೆ ಬೇಕು.

1848ರಲ್ಲಿ ಒಕ್ಕಲುತನದ ಕಟ್ಟು ಕಳಚಿತು. 1853ರ ರಾಜಾಜ್ಞೆಯ ನಂತರ ಧಣಿಯ ಕಾಡಿನಿಂದ ಒಂದು ಭಾಗವನ್ನು ಬೇರ್ಪಡಿಸಿ ಒಕ್ಕಲುಗಳಿಗೆ ಕೊಟ್ಟರು. ಮನೆಮನೆಗೆ ತುಂಡು ಮಾಡದೆ, ಎಲ್ಲರಿಗೂ ಸೇರಿಸಿ. ಪಾಲಿನ ಅಳತೆ 'ತೆಲೆಕ್', ಅಂದರೆ ಒಂದು ಒಕ್ಕಲಿನ ಪೂರ್ಣ ಹಿಡುವಳಿ. ಹಳೆಯ ದಾಖಲೆ ಓದುವವರು ಎಡವುವುದು ಇಲ್ಲೇ: '1/2' ಎಂದಿದ್ದರೆ ಕಾಡಿನ ಅರ್ಧವಲ್ಲ, ಅರ್ಧ ತೆಲೆಕ್. ಊರಿನಲ್ಲಿ ಒಟ್ಟು 40 ತೆಲೆಕ್ ಇದ್ದರೆ ಆ ಮನೆಯ ಪಾಲು ಕಾಡಿನ 1/80.

ಹಂಗೇರಿಯ ಪೂರ್ವಕ್ಕಿರುವ ಟ್ರಾನ್ಸಿಲ್ವೇನಿಯಾ ಸೀಮೆಯ, ಹಂಗೇರಿಯನ್ ಮಾತಾಡುವ ಸೆಕೆಯ್ ಜನರ ಕಥೆ ಬೇರೆ. ಅವರು ಗಡಿ ಕಾಯುವ ಸ್ವತಂತ್ರ ರೈತರು; ಕಾಡು ಧಣಿಯದಲ್ಲ, ಊರಿನದೇ. ಕಡಿಯುವ ಜಾಗವನ್ನು ಗುರುತು ಹಾಕಿ ಭಾಗ ಮಾಡಿ, ಪ್ರತಿ ಮನೆಯ ಗುರುತು ಕೆತ್ತಿದ ಮರದ ತುಂಡುಗಳನ್ನು ಚೀಟಿ ಎತ್ತಿದಂತೆ ಎತ್ತುತ್ತಿದ್ದರು. ಅದನ್ನು 'ನ್ಯೀಲ್', ಅಂದರೆ ಬಾಣ, ಎನ್ನುತ್ತಾರೆ. ಒಳ್ಳೆಯ ಮರ ಯಾರಿಗೆ ಬರುತ್ತದೋ ಮೊದಲೇ ಗೊತ್ತಿರದಿದ್ದರಿಂದ ಭಾಗ ಮಾಡುವವನೂ ಸರಿಯಾಗಿಯೇ ಮಾಡುತ್ತಿದ್ದ. ನನಗೆ ಇಡೀ ಪದ್ಧತಿಯಲ್ಲಿ ಅತಿ ಬಲವಾದ ಅಂಶ ಇದೇ.

ಕೆಟ್ಟದ್ದು 1871ರ ಕಾಯ್ದೆಯಿಂದ. ಒಬ್ಬರು ಕೇಳಿದರೆ ಕೋರ್ಟಿನ ಮೂಲಕ ಊರ ಕಾಡನ್ನು ಹಿಡುವಳಿಗೆ ತಕ್ಕಂತೆ ಪಾಲು ಹಾಕಬಹುದಾಯಿತು. ಬೇಕಾದಷ್ಟು ಸೌದೆ ತಂದುಕೊಳ್ಳುತ್ತಿದ್ದ ಬಡ ಮನೆಗೆ ಚೂರು ಪಾಲು ಉಳಿಯಿತು. ವ್ಯಾಜ್ಯದ ಖರ್ಚು ತಾಳದೆ ಅದನ್ನೂ ಮರದ ವ್ಯಾಪಾರಿಗಳಿಗೆ ಮಾರಿದವರು ಎಷ್ಟೋ. 1898ರ ಕಾಯ್ದೆ ಇಂಥ ಕಾಡುಗಳಿಗೆ ನಿಯಮಾವಳಿ, ಆಡಳಿತ ಮಂಡಳಿ, ಸರ್ಕಾರಿ ಅರಣ್ಯಾಧಿಕಾರಿಯ ನಿರ್ವಹಣೆ ತಂದಿತು. ಅಷ್ಟರೊಳಗೆ ಅನೇಕ ಇಳಿಜಾರುಗಳು ಬೋಳಾಗಿದ್ದವು.

ಸೆಕೆಯ್ ಪ್ರದೇಶ ಈಗ ರೊಮೇನಿಯಾದಲ್ಲಿದೆ. 1948ರಲ್ಲಿ ರಾಷ್ಟ್ರೀಕರಣವಾದ ಊರ ಕಾಡುಗಳು 2000ನೇ ಇಸವಿಯ 1ನೇ ಕಾಯ್ದೆಯಿಂದ ಹಿಂದಿರುಗತೊಡಗಿದವು. ಹಂಗೇರಿಯಲ್ಲಿ 1994ರ ಕಾಯ್ದೆ ಅರಣ್ಯ ಒಡೆಯರ ಸಂಘಗಳಿಗೆ ದಾರಿ ಮಾಡಿತು. ಇಂದಿನ ತೊಡಕು ವಾರಸುದಾರರದು: ಒಂದೇ ತುಂಡಿಗೆ ಹತ್ತಾರು ಹೆಸರು, ಕೆಲವರ ವಿಳಾಸವೇ ಸಿಗದು, ಅವರ ಸಹಿ ಇಲ್ಲದೆ ಕಡಿಯುವ ನಿರ್ಧಾರ ಮುಂದಕ್ಕೆ ಹೋಗುತ್ತಲೇ ಇರುತ್ತದೆ.