ಓದುಗರ ಪ್ರಶ್ನೆ, ನಮ್ಮ ಉತ್ತರ: ‘ಅವನಿಗೆ ಗೊತ್ತಿತ್ತಲ್ಲ!’

ಕಳೆದ ಸಂಚಿಕೆಯಲ್ಲಿ ‘ಬಾರ್ಡರ್’ ಎಂಬ ಜಪಾನಿ ಅಪರಾಧ ಧಾರಾವಾಹಿಯನ್ನು ಪರಿಚಯಿಸಿದ ಮೇಲೆ ಬಂದಿರುವ ಪತ್ರಗಳಲ್ಲಿ ಹೊಗಳಿಕೆಗಿಂತ ಜಗಳವೇ ಹೆಚ್ಚು. ನೋಡದವರಿಗಾಗಿ ಎರಡು ಮಾತು: 2014ರ ಏಪ್ರಿಲ್‌ನಿಂದ ಜೂನ್‌ವರೆಗೆ ಟಿವಿ ಅಸಾಹಿ ವಾಹಿನಿಯಲ್ಲಿ ಪ್ರಸಾರವಾದ ಈ ಕಥೆಯಲ್ಲಿ ಟೋಕಿಯೊ ಪೊಲೀಸ್ ಇಲಾಖೆಯ ಪತ್ತೇದಾರ ಇಶಿಕಾವಾ ತಲೆಗೆ ಗುಂಡೇಟು ತಿಂದು ಬದುಕುಳಿಯುತ್ತಾನೆ, ಹೊರತೆಗೆಯಲಾಗದ ಆ ಗುಂಡು ತಲೆಯೊಳಗೇ ಉಳಿಯುತ್ತದೆ, ಅಂದಿನಿಂದ ಕೊಲೆಯಾದವರು ಅವನ ಕಣ್ಣಿಗೆ ಕಾಣಿಸುತ್ತಾರೆ, ಅವನೊಡನೆ ಮಾತನಾಡುತ್ತಾರೆ. ಮುಕ್ತಾಯವನ್ನು ಬಿಚ್ಚಿಡದೆ ಈ ಉತ್ತರಗಳನ್ನು ಬರೆಯುವುದು ಸಾಧ್ಯವಿರಲಿಲ್ಲ. ಇನ್ನೂ ನೋಡಬೇಕೆಂದಿರುವವರು ಸದ್ಯಕ್ಕೆ ಪುಟ ತಿರುಗಿಸುವುದು ಒಳ್ಳೆಯದು.

ಪ್ರಶ್ನೆ: ಎಂಟು ಕಂತುಗಳವರೆಗೆ ನಾನು ಗೌರವಿಸಿದ ಮನುಷ್ಯ ಕೊನೆಯ ಕಂತಿನಲ್ಲಿ ಕೊಲೆಗಾರನನ್ನು ಮಹಡಿಯ ಮೇಲಿಂದ ತಳ್ಳಿಬಿಡುತ್ತಾನೆ. ಇದು ಪ್ರೇಕ್ಷಕರಿಗೆ ಮಾಡಿದ ಮೋಸವಲ್ಲವೇ?

ಉತ್ತರ: ನಿಮ್ಮಂತೆಯೇ ನೊಂದುಕೊಂಡವರು ಹಲವರಿದ್ದಾರೆ, ‘ತಳ್ಳಿದ್ದೇ ಸರಿ, ಇನ್ನೂ ಮೊದಲೇ ತಳ್ಳಬೇಕಿತ್ತು’ ಎಂದು ಬರೆದವರೂ ಇದ್ದಾರೆ. ನಮ್ಮ ಮಟ್ಟಿಗೆ ಇದು ಮೋಸವಲ್ಲ. ಆರಂಭದ ಕಂತುಗಳನ್ನು ಮತ್ತೊಮ್ಮೆ ನೋಡಿ. ಸತ್ತವರ ಮಾತನ್ನು ನ್ಯಾಯಾಲಯದ ಮುಂದಿಡಲು ಬರುವುದಿಲ್ಲವಾದ್ದರಿಂದ ಇಶಿಕಾವಾ ಕಳ್ಳದಾರಿಯ ಮಾಹಿತಿದಾರರ ಬಳಿಗೆ ಹೋಗುತ್ತಾನೆ, ಕಂಪ್ಯೂಟರ್ ಕನ್ನಗಾರರ ನೆರವು ಪಡೆಯುತ್ತಾನೆ, ಸಹೋದ್ಯೋಗಿಗಳಿಗೆ ಸುಳ್ಳು ಹೇಳುತ್ತಾನೆ. ಆಗ ನಾವು ಯಾರೂ ತಕರಾರು ಮಾಡಲಿಲ್ಲ. ಅಪರಾಧಿ ಸಿಕ್ಕಿಬಿದ್ದ ಸಂತೋಷದಲ್ಲಿ ಅದನ್ನೆಲ್ಲ ಜಾಣತನವೆಂದೇ ಎಣಿಸಿದೆವು. ಮಹಡಿಯ ಮೇಲಿನ ಆ ಕ್ಷಣ ದಿಢೀರನೆ ಬಂದದ್ದಲ್ಲ, ಮೆಟ್ಟಿಲು ಮೆಟ್ಟಿಲಾಗಿ ಬಂದದ್ದು. ಕೆಳಗೆ ಬಿದ್ದು ಸತ್ತವನು ಮರುಗಳಿಗೆಯೇ ಇಶಿಕಾವಾನ ಬಳಿ ನಿಂತು ತನ್ನ ಪಾಳಯಕ್ಕೆ ಅವನನ್ನು ಬರಮಾಡಿಕೊಳ್ಳುವ ದೃಶ್ಯವಿದೆಯಲ್ಲ, ಅದನ್ನು ಕಂಡೂ ‘ತಳ್ಳಿದ್ದೇ ಸರಿ’ ಎನ್ನುವವರ ಧೈರ್ಯ ನಮಗಿಲ್ಲ.

ಪ್ರಶ್ನೆ: ಇಷ್ಟು ಒಳ್ಳೆಯ ಕಥೆಗೆ ಒಂಬತ್ತೇ ಕಂತುಗಳೇಕೆ?

ಉತ್ತರ: ಜಪಾನಿನ ವಾಹಿನಿಗಳು ವರ್ಷವನ್ನು ತಲಾ ಮೂರು ತಿಂಗಳ ನಾಲ್ಕು ಅವಧಿಗಳಾಗಿ ಹಂಚಿಕೊಂಡಿರುತ್ತವೆ; ಜನವರಿ, ಏಪ್ರಿಲ್, ಜುಲೈ ಮತ್ತು ಅಕ್ಟೋಬರ್‌ಗಳಲ್ಲಿ ಹೊಸ ಧಾರಾವಾಹಿಗಳು ಶುರುವಾಗುತ್ತವೆ. ವಾರಕ್ಕೊಂದರಂತೆ ಒಂಬತ್ತರಿಂದ ಹನ್ನೊಂದು ಕಂತುಗಳಲ್ಲಿ ಕಥೆ ಮುಗಿಯುವುದು ಅಲ್ಲಿ ಸಾಮಾನ್ಯ. ಎಳೆದಾಡದಿರುವುದೇ ಇದರ ಶಕ್ತಿ ಎಂಬುದು ನಮ್ಮ ಅಭಿಪ್ರಾಯ.

ಪ್ರಶ್ನೆ: ಸತ್ತವನೇ ಎದುರು ನಿಂತು ತನ್ನನ್ನು ಕೊಂದವರಾರೆಂದು ಹೇಳಿದ ಮೇಲೆ, ಪುರಾವೆಗಾಗಿ ಪತ್ತೇದಾರ ಒಂದಿಷ್ಟು ಅಡ್ಡದಾರಿ ಹಿಡಿದರೆ ತಪ್ಪೇನು? ಅವನಿಗೆ ಸತ್ಯ ಗೊತ್ತಿತ್ತಲ್ಲ!

ಉತ್ತರ: ಬಂದ ಪತ್ರಗಳಲ್ಲಿ ಅರ್ಧಕ್ಕರ್ಧ ಈ ವಾದವನ್ನೇ ಹೂಡಿವೆ, ಆದ್ದರಿಂದ ಸ್ವಲ್ಪ ವಿಸ್ತಾರವಾಗಿಯೇ ಉತ್ತರಿಸುತ್ತೇವೆ. ಸತ್ಯ ಗೊತ್ತಿರುವುದು ಇಶಿಕಾವಾನಿಗೆ ಕಥೆಗಾರ ಕೊಟ್ಟ ವರ. ಯಾವ ಊರಿನ ಯಾವ ಠಾಣೆಗೂ ಆ ವರ ಸಿಕ್ಕಿಲ್ಲ. ಅಲ್ಲಿರುವುದು ‘ನಮಗೆ ಗೊತ್ತು’ ಎಂಬ ನಂಬಿಕೆ ಮಾತ್ರ. ಒಳಗಿನಿಂದ ನೋಡಿದವರಿಗೆ ಇವೆರಡೂ ಒಂದೇ ಬಗೆಯಾಗಿ ಕಾಣುತ್ತವೆ.

ಜಪಾನಿನದೇ ಒಂದು ಪ್ರಕರಣವನ್ನು ನೋಡಿ. 1966ರ ಜೂನ್ 30ರಂದು ಶಿಜುಓಕಾ ಪ್ರಾಂತ್ಯದಲ್ಲಿ ಮಿಸೊ (ಸೋಯಾ ಕಾಳನ್ನು ಹುದುಗಿಸಿ ಮಾಡುವ ಅಡುಗೆಯ ಹಿಟ್ಟು) ತಯಾರಿಕಾ ಸಂಸ್ಥೆಯೊಂದರ ನಿರ್ದೇಶಕ, ಅವರ ಹೆಂಡತಿ ಮತ್ತು ಇಬ್ಬರು ಮಕ್ಕಳ ಕೊಲೆಯಾಯಿತು. ಅಲ್ಲಿಯೇ ಉಳಿದು ಕೆಲಸ ಮಾಡುತ್ತಿದ್ದ, ಹಿಂದೆ ವೃತ್ತಿಪರ ಬಾಕ್ಸರ್ ಆಗಿದ್ದ ಇವಾಓ ಹಕಮಾತಾ ಅವರನ್ನು ಆಗಸ್ಟ್‌ನಲ್ಲಿ ಬಂಧಿಸಿದ ಪೊಲೀಸರು ದಿನಗಟ್ಟಲೆ ಪ್ರಶ್ನಿಸಿ ತಪ್ಪೊಪ್ಪಿಗೆ ಪಡೆದರು. ನ್ಯಾಯಾಲಯದಲ್ಲಿ ಅವರು ಅದನ್ನು ನಿರಾಕರಿಸಿದರು. ಘಟನೆಯಾಗಿ ಒಂದು ವರ್ಷ ಎರಡು ತಿಂಗಳು ಕಳೆದ ಮೇಲೆ ಮಿಸೊ ತೊಟ್ಟಿಯೊಂದರಲ್ಲಿ ರಕ್ತದ ಕಲೆಯಿದ್ದ ಐದು ಬಟ್ಟೆಗಳು ಸಿಕ್ಕವು. 1968ರಲ್ಲಿ ನ್ಯಾಯಾಲಯ ಹಕಮಾತಾ ಅವರಿಗೆ ಮರಣದಂಡನೆ ವಿಧಿಸಿತು. ಮೇಲ್ಮನವಿಯ ವಿಚಾರಣೆಯಲ್ಲಿ ಆ ಬಟ್ಟೆಗಳಲ್ಲಿದ್ದ ಪ್ಯಾಂಟನ್ನು ಅವರಿಗೆ ತೊಡಿಸಿ ನೋಡಿದಾಗ ಅದು ತೊಡೆಯಿಂದ ಮೇಲೇರಲಿಲ್ಲ. ಮಿಸೊದಲ್ಲಿ ನೆನೆದು ಕುಗ್ಗಿದೆ ಎಂದರು ಅಭಿಯೋಜಕರು. 1980ರಲ್ಲಿ ಶಿಕ್ಷೆ ಖಾಯಂ ಆಯಿತು. ವರ್ಷವಿಡೀ ಮಿಸೊದಲ್ಲಿ ಮುಳುಗಿದ್ದ ರಕ್ತ ಕಪ್ಪಾಗಬೇಕಲ್ಲದೆ ಕೆಂಪಾಗಿಯೇ ಉಳಿಯಲು ಹೇಗೆ ಸಾಧ್ಯ ಎಂಬ ಪ್ರಶ್ನೆ ಮುಂದೆ ಮರುವಿಚಾರಣೆಯ ಕೇಂದ್ರವಾಯಿತು. 2014ರಲ್ಲಿ ಬಿಡುಗಡೆಗೊಂಡ ಹಕಮಾತಾ ಅವರನ್ನು ನಿರಪರಾಧಿಯೆಂದು ಶಿಜುಓಕಾ ಜಿಲ್ಲಾ ನ್ಯಾಯಾಲಯ ಸಾರಿದ್ದು 2024ರ ಸೆಪ್ಟೆಂಬರ್ 26ರಂದು. ಆ ಬಟ್ಟೆಗಳು ತನಿಖೆ ನಡೆಸಿದವರೇ ಸೃಷ್ಟಿಸಿದ ಸಾಕ್ಷ್ಯ ಎಂದು ತೀರ್ಪು ಹೇಳಿತು. ಆಗ ಅವರಿಗೆ 88 ವರ್ಷ.

ಕಟ್ಟುಕಥೆಯ ಇಶಿಕಾವಾನನ್ನು ಮೆಚ್ಚಿಕೊಳ್ಳಲು ಯಾವ ಅಡ್ಡಿಯೂ ಇಲ್ಲ, ನಾವೂ ಮೆಚ್ಚಿಕೊಂಡಿದ್ದೇವೆ. ಆದರೆ ‘ಅವನಿಗೆ ಗೊತ್ತಿತ್ತಲ್ಲ’ ಎಂಬ ಮಾತನ್ನು 1966ರ ತನಿಖಾಧಿಕಾರಿಗಳ ಬಾಯಿಗೆ ಹಾಕಿ ನೋಡಿ; ಒಂದಕ್ಷರವನ್ನೂ ಬದಲಿಸಬೇಕಾಗುವುದಿಲ್ಲ.

ಪ್ರಶ್ನೆ: ಜಪಾನಿ ಧಾರಾವಾಹಿಗಳಲ್ಲಿ ಆರೋಪಿಗಳು ಅಷ್ಟು ಸುಲಭವಾಗಿ ತಪ್ಪೊಪ್ಪಿಕೊಳ್ಳುವುದೇಕೆ? ವಕೀಲರು ಒಬ್ಬರೂ ಕಾಣುವುದಿಲ್ಲ.

ಉತ್ತರ: ವಕೀಲರು ಕಾಣದಿರುವುದು ನಿರ್ದೇಶಕರ ಮರೆವಲ್ಲ. ಆರೋಪಿಗೆ ವಕೀಲರನ್ನು ಭೇಟಿಯಾಗುವ ಹಕ್ಕಿದೆಯಾದರೂ, ವಿಚಾರಣಾ ಕೊಠಡಿಯಲ್ಲಿ ಅವರನ್ನು ಪಕ್ಕದಲ್ಲಿ ಕೂರಿಸಿಕೊಳ್ಳುವ ಹಕ್ಕಿಲ್ಲ. ಬಂಧಿಸಿದ ಪೊಲೀಸರಿಗೆ 48 ಗಂಟೆ, ಅಭಿಯೋಜಕರಿಗೆ 24 ಗಂಟೆ, ಅನಂತರ ನ್ಯಾಯಾಧೀಶರ ಅನುಮತಿಯಿಂದ ಹತ್ತು ದಿನ, ಮತ್ತೆ ಹತ್ತು ದಿನ: ಹೀಗೆ ಆರೋಪಪಟ್ಟಿಯಿಲ್ಲದೆ ಒಂದು ಆರೋಪಕ್ಕೆ 23 ದಿನಗಳವರೆಗೆ ಒಬ್ಬನನ್ನು ಇರಿಸಿಕೊಳ್ಳಬಹುದು, ಬಹಳ ಸಲ ಪೊಲೀಸ್ ಠಾಣೆಯ ಕೋಣೆಯಲ್ಲಿಯೇ. ವಿಚಾರಣೆಯನ್ನು ಪೂರ್ತಿಯಾಗಿ ಚಿತ್ರೀಕರಿಸಬೇಕೆಂಬ ನಿಯಮ 2019ರ ಜೂನ್‌ನಲ್ಲಿ ಬಂದಿತಾದರೂ ಅದು ಗಂಭೀರವಾದ ಕೆಲವು ಬಗೆಯ ಪ್ರಕರಣಗಳಿಗೆ ಮಾತ್ರ ಅನ್ವಯಿಸುತ್ತದೆ. ನ್ಯಾಯಾಲಯದ ಮೆಟ್ಟಿಲೇರಿದವರಲ್ಲಿ ನೂರಕ್ಕೆ 99ಕ್ಕಿಂತ ಹೆಚ್ಚು ಮಂದಿಗೆ ಶಿಕ್ಷೆಯಾಗುವ ದೇಶವದು. ಗೆಲ್ಲುವುದು ಖಚಿತವೆನಿಸದ ಪ್ರಕರಣಗಳನ್ನು ಅಭಿಯೋಜಕರು ಮೊದಲೇ ಕೈಬಿಡುವುದು ಅದಕ್ಕೊಂದು ಮುಖ್ಯ ಕಾರಣ.

ಪ್ರಶ್ನೆ: ಹಳೆಯ ಧಾರಾವಾಹಿಗಳ ಪತ್ತೇದಾರರೇ ವಾಸಿ. ಆರೋಪಿಗೆ ಊಟ ತರಿಸಿಕೊಟ್ಟು, ತಾಯಿಯ ನೆನಪು ಮಾಡಿಕೊಟ್ಟು ನಿಜ ಹೇಳಿಸುತ್ತಿದ್ದರು. ಆ ಸಜ್ಜನಿಕೆ ಎಲ್ಲಿ ಹೋಯಿತು?

ಉತ್ತರ: ನೀವು ಹೇಳುತ್ತಿರುವುದು ಕತ್ಸುದೊನ್ ದೃಶ್ಯ: ಮೇಜಿನ ದೀಪದ ಬೆಳಕು, ಕರಿದ ಹಂದಿಮಾಂಸ ಮತ್ತು ಮೊಟ್ಟೆಯನ್ನು ಅನ್ನದ ಮೇಲೆ ಹರಡಿದ ಬಿಸಿ ಬಟ್ಟಲು, ಎರಡು ತುತ್ತು ತಿನ್ನುವಷ್ಟರಲ್ಲಿ ಕಣ್ಣೀರು, ಆಮೇಲೆ ತಪ್ಪೊಪ್ಪಿಗೆ. ಜಪಾನಿನಲ್ಲಿ ಈಗ ಇದನ್ನು ಹಾಸ್ಯ ಕಾರ್ಯಕ್ರಮಗಳಲ್ಲಿ ಅಣಕಿಸುತ್ತಾರೆ. ನಿಮಗೆ ಬೇಸರವಾಗಬಹುದು, ಆದರೂ ಹೇಳಬೇಕು: ನಿಜವಾದ ಠಾಣೆಯಲ್ಲಿ ಪತ್ತೇದಾರ ತನ್ನ ಹಣದಿಂದ ಆರೋಪಿಗೆ ಹಾಗೆ ಊಟ ತರಿಸಿಕೊಡುವಂತಿಲ್ಲ. ಅದು ಆಮಿಷವೆನಿಸಿಕೊಂಡು, ತಪ್ಪೊಪ್ಪಿಗೆ ಸ್ವಇಚ್ಛೆಯದೇ ಎಂಬ ಪ್ರಶ್ನೆ ನ್ಯಾಯಾಲಯದಲ್ಲಿ ಏಳುತ್ತದೆ. ನಿಮ್ಮ ಆ ಸಜ್ಜನ ಪತ್ತೇದಾರನೂ ನಿಯಮ ಮುರಿದವನೇ. ಬಟ್ಟಲಿನ ಬಿಸಿ ಹಬೆಯಲ್ಲಿ ಅದು ನಮಗೆ ಕಾಣಿಸಲಿಲ್ಲ, ಅಷ್ಟೆ.