ಅದು ಮರಿಯಲ್ಲ, ಗಂಡು

ನಮಸ್ಕಾರ. ನೀವು ಕಳಿಸಿದ ಜೇಡದ ಲೇಖನವನ್ನು ಎರಡು ಸಲ ಓದಿದೆ. ಈಗಿರುವ ಹಾಗೆ ಹಾಕಲು ಆಗುವುದಿಲ್ಲ. ಸುಮ್ನೆ ವಾಪಸ್ ಕಳಿಸುವ ಮನಸ್ಸೂ ಇಲ್ಲ, ಅದಕ್ಕೇ ಇಷ್ಟು ಬರೆಯುತ್ತಿದ್ದೇನೆ.

ಮೊದಲ ಎರಡು ಪುಟ ತೆಗೆದುಬಿಡಿ. 'ಪ್ರೀತಿಗಾಗಿ ಪ್ರಾಣ ಕೊಡುವ ಅಮರ ಪ್ರೇಮಿ' ಅಂತ ಶುರು ಮಾಡಿದ್ದೀರಿ. ಜೇಡದ ಬಗ್ಗೆ ಬರೆಯುವವರು ಮುಕ್ಕಾಲು ಪಾಲು ಅಲ್ಲಿಂದಲೇ ಶುರು ಮಾಡುತ್ತಾರೆ. ಕೂಡಿದ ಮೇಲೆ ಹೆಣ್ಣು ಗಂಡನ್ನು ತಿಂದೇ ತಿನ್ನುತ್ತದೆ ಅನ್ನುವುದೂ ತಪ್ಪು, ಎಷ್ಟೋ ಜಾತಿಗಳಲ್ಲಿ ಗಂಡು ಕೆಲಸ ಮುಗಿಸಿ ಆರಾಮಾಗಿ ಹೋಗುತ್ತದೆ. ತಿನ್ನುವ ಕತೆಯೇ ಬೇಕು ಅಂದರೆ ಆಸ್ಟ್ರೇಲಿಯಾದ ರೆಡ್‌ಬ್ಯಾಕ್ ಅಂತ ಹೆಸರು ಹೇಳಿ ಬರೆಯಿರಿ. ಅದರ ಗಂಡು ಕೂಡುವಾಗಲೇ ಲಾಗ ಹಾಕಿ ತನ್ನ ಹೊಟ್ಟೆಯನ್ನು ಹೆಣ್ಣಿನ ಬಾಯಿಗೆ ಒಡ್ಡುತ್ತದೆ. ತಿನ್ನಿಸಿಕೊಂಡ ಗಂಡು ಜಾಸ್ತಿ ಹೊತ್ತು ಕೂಡುತ್ತದೆ, ಜಾಸ್ತಿ ಮೊಟ್ಟೆಗಳಿಗೆ ಅದೇ ಅಪ್ಪ ಆಗುತ್ತದೆ ಅಂತ ಜೀವವಿಜ್ಞಾನಿ ಮೇಡಿಯಾನ್ ಆಂಡ್ರೇಡ್ 1996ರಲ್ಲಿ ತೋರಿಸಿದರು. ಇದರಲ್ಲಿ ಅಮರ ಪ್ರೇಮ ಎಲ್ಲಿ ಬಂತು? (ಹಾಗೇ, ಜೇಡವನ್ನು ಕೀಟ ಅನ್ನಬೇಡಿ. ಕಾಲು ಎಣಿಸಿ.)

ಮೂರನೇ ಪುಟದಲ್ಲಿ 'ಗಂಡು ಬಾಲದ ತುದಿಯಿಂದ ವೀರ್ಯ ದಾಟಿಸುತ್ತದೆ' ಅಂತಿದೆ. ಊಹಿಸಿ ಬರೆದದ್ದು, ಅಲ್ವಾ? ವೀರ್ಯ ಹೊರಬರುವ ತೂತು ಹೊಟ್ಟೆಯ ಅಡಿಯಲ್ಲಿದೆ, ಸರಿ. ಆದರೆ ಅದನ್ನು ಹೆಣ್ಣಿಗೆ ದಾಟಿಸುವ ಅಂಗ ಇರುವುದು ಬಾಯಿಯ ಅಕ್ಕಪಕ್ಕ. ಪುಟ್ಟ ಕಾಲಿನ ಹಾಗೆ ಕಾಣುತ್ತವಲ್ಲ, ಆ ಎರಡು ಪಾಲ್ಪ್‌ಗಳು. ಹೊಟ್ಟೆಯಡಿಯ ಆ ತೂತಿಗೂ ಇವಕ್ಕೂ ನಡುವೆ ನಾಳವೇ ಇಲ್ಲ. ಹಾಗಾಗಿ ಗಂಡು ಒಂದು ಚಿಕ್ಕ ಬಲೆ ನೇಯ್ದು, ಅದರ ಮೇಲೆ ವೀರ್ಯದ ಹನಿ ಬಿಟ್ಟು, ಇಂಕ್ ಪೆನ್ನಿಗೆ ಶಾಯಿ ಎಳೆದುಕೊಂಡ ಹಾಗೆ ಪಾಲ್ಪ್‌ಗಳಿಗೆ ಹೀರಿಕೊಂಡು, ಆಮೇಲೆ ಹೆಣ್ಣನ್ನು ಹುಡುಕಿಕೊಂಡು ಹೊರಡುತ್ತದೆ. ಬಹಳಷ್ಟು ಜಾತಿಗಳಲ್ಲಿ ಹೆಣ್ಣಿನ ಹೊಟ್ಟೆಯಡಿ ಎಪಿಜೈನ್ ಅನ್ನುವ ಗಟ್ಟಿ ತಟ್ಟೆ ಇರುತ್ತದೆ, ಪಾಲ್ಪ್‌ನ ತುದಿ ಹೋಗುವುದು ಅದರ ತೂತಿಗೆ. ಒಳಗಿನ ಚೀಲದಲ್ಲಿ ಹೆಣ್ಣು ವೀರ್ಯವನ್ನು ಕೂಡಿಟ್ಟುಕೊಂಡು ಮೊಟ್ಟೆ ಇಡುವಾಗ ಬಳಸುತ್ತದೆ. ತಜ್ಞರು ಎಷ್ಟೋ ಸಲ ಜೇಡದ ಜಾತಿ ಗುರುತಿಸುವುದೇ ಗಂಡಿನ ಪಾಲ್ಪ್, ಹೆಣ್ಣಿನ ಎಪಿಜೈನ್ ಇವುಗಳ ಆಕಾರ ನೋಡಿ. ನಿಮ್ಮ ಲೇಖನದಲ್ಲಿ ಇದರ ಸುಳಿವೇ ಇಲ್ಲ.

ಇಷ್ಟಾದರೂ ನಿಮಗೆ ಬರೆಯುತ್ತಿರುವುದು ಕೊನೆಯ ಪುಟದ ಒಂದು ಸಾಲಿಗಾಗಿ: 'ನಮ್ಮ ಅಡಿಕೆ ತೋಟದಲ್ಲಿ ಅಂಗೈಯಗಲದ ಕಪ್ಪು ಹಳದಿ ಜೇಡ, ಬಂಗಾರದ ಬಣ್ಣದ ಬಲೆ, ಮೇಲ್ಗಡೆ ಅದರ ಕೆಂಪು ಮರಿ.' ರೀ, ಅದು ಮರಿಯಲ್ಲ, ಗಂಡು! ನೀವು ನೋಡಿದ್ದು ನೆಫಿಲಾ ಪಿಲಿಪೆಸ್ ಅನ್ನುವ ಜಾತಿಯ ಜೇಡ ಇರಬೇಕು. ಕಾಲು ಬಿಟ್ಟು ಮೈ ಅಳೆದರೆ ಹೆಣ್ಣು 3ರಿಂದ 5 ಸೆಂಟಿಮೀಟರ್, ಗಂಡು ಅರ್ಧ ಸೆಂಟಿಮೀಟರ್ ಆಸುಪಾಸು. ಇಡೀ ಲೇಖನ ನಿಮ್ಮ ತೋಟದಲ್ಲೇ ನೇತಾಡುತ್ತಿದೆ, ನೀವು ಮಾತ್ರ ಎಲ್ಲೋ ಅಮರ ಪ್ರೇಮಿಯನ್ನು ಹುಡುಕುತ್ತಿದ್ದೀರಿ.

ಒಂದು ಲೆನ್ಸ್ ತಗೊಂಡು ಬೆಳಿಗ್ಗೆ ಹೋಗಿ. ಆ ಕೆಂಪು ಪುಟಾಣಿಯ ಬಾಯಿಯ ಪಕ್ಕ ನೋಡಿ, ಪಾಲ್ಪ್‌ಗಳ ತುದಿ ಗುಂಡಗೆ ಉಬ್ಬಿದ್ದರೆ ಬೆಳೆದ ಗಂಡು ಅಂತಲೇ ಲೆಕ್ಕ. ಬಲೆಯ ಮೇಲೆ ಅಂಥವು ಎಷ್ಟಿವೆ ಎಣಿಸಿ, ಒಂದಕ್ಕಿಂತ ಜಾಸ್ತಿ ಇದ್ದರೂ ಆಶ್ಚರ್ಯವಿಲ್ಲ. ಹೆಣ್ಣು ಊಟ ಮಾಡುವಾಗ ಅವು ಏನು ಮಾಡುತ್ತವೆ ಅಂತ ಅರ್ಧ ಗಂಟೆ ಕೂತು ನೋಡಿ. ನೋಡಿದ್ದನ್ನಷ್ಟೇ ಬರೆಯಿರಿ, ಎರಡು ಪುಟ ಸಾಕು. ಫೋಟೊ ಮಸುಕಾದರೂ ಪರವಾಗಿಲ್ಲ, ಕಳಿಸಿ.