ಆಂಟಿವೈರಸ್ ಹುಡುಕೂದು ಬಿಡ್ರಿ, ಮೊದ್ಲು ಆಫೀಸಿಗೊಂದು ಬ್ಯಾರೆ ನಂಬರ್ ಮಾಡ್ರಿ

ಹೊಸದಾಗಿ ಗ್ರಾಮ ಆಡಳಿತಾಧಿಕಾರಿ ಆಗಿ ಲಿಂಗಸುಗೂರು ಕಡೆ ಸೇರೀರಿ, ಇಲಾಖೆ ಆ್ಯಪ್ ಎಲ್ಲಾ ಸ್ವಂತ ಫೋನ್‌ನಾಗ ಹಾಕ್ಕೊಂಡೀರಿ, ಸೇಫ್ ಇರಾಕ ಯಾವ ಆಂಟಿವೈರಸ್ ತಗೋಬೇಕು ಅಂತ ಕೇಳೀರಿ. ನಂದೂ ಅದ ನೌಕರಿ, ಕೊಪ್ಪಳ ಜಿಲ್ಲೆ, ನದಿ ದಂಡಿ ಸರ್ಕಲ್ಲು, ಅಂದ್ರ ನನ್ನ ಪಾಲಿಗೆ ಬಂದ ಊರುಗಳು. ನನ್ನ ಫೋನ್‌ನಾಗ ದುಡ್ಡು ಕೊಟ್ಟು ತಗೊಂಡ ಆಂಟಿವೈರಸ್ ಇತ್ತು. ಇದ್ದೂ ಏನಾತು ಅನ್ನೂದನ್ನ ಹೇಳ್ತೀನಿ.

ಒಂದು ವರ್ಷ ಏಪ್ರಿಲ್ ಕೊನೀಗೆ ನಮ್ಮ ಕಡೆ ಆಲಿಕಲ್ಲು ಮಳಿ ಬಿದ್ದು ಕೊಯ್ಲಿಗೆ ಬಂದ ಭತ್ತ ಉದುರಿ ನೆಲಕ್ಕ ಹತ್ತಿತ್ತು. ಬೆಳೆ ಹಾನಿ ಸರ್ವೆ ಅಂದ್ರ ನಿಮಗ ಇನ್ನ ಗೊತ್ತಾಗತೈತಿ, ಹಗಲೆಲ್ಲಾ ಹೊಲ ತಿರುಗಿ ಫೋಟೋ ಹೊಡಿಯೂದು, ಸಂಜಿ ಕುಂತು ಎಂಟ್ರಿ ಮಾಡೂದು, ನಡುವ ರೈತರು ಪಹಣಿ, ಆಧಾರ್, ಪಾಸ್‌ಬುಕ್, ಎಫ್ಐಡಿ (ರೈತರ ಗುರುತಿನ) ನಂಬರ್ ಎಲ್ಲಾ ನನ್ನ ವಾಟ್ಸಾಪ್‌ಗೆ ಹಾಕತಿದ್ರು, ನಾನ ಹಾಕ್ರಿ ಅಂದಿದ್ದೆ, ಮುದುಕರು ಬಿಸಲಾಗ ಆಫೀಸಿಗೆ ಅಡ್ಡಾಡೂದು ತಪ್ಪತೈತಿ ಅಂತ. ಅದ ಟೈಮಿಗೆ ಮದುವಿ ಸೀಜನ್ನು. ಒಂದಿನ ಸಂಜಿ ಸಹೋದ್ಯೋಗಿ ಒಬ್ರ ನಂಬರಿನಿಂದ ಮದುವಿ ಕರೆಯೋಲೆ ಅಂತ ಒಂದು ಫೈಲ್ ಬಂತು. ಕರೆಯೋಲೆ ಅಂದ್ರ ಫೋಟೋ ಇರಬೇಕು ಇಲ್ಲಾ ಪಿಡಿಎಫ್ ಇರಬೇಕು. ಇದು ಎಪಿಕೆ, ಅಂದ್ರ ಫೋನ್‌ನಾಗ ಹೊಸ ಆ್ಯಪ್ ಕೂಡಿಸೂ ಫೈಲು. ಒತ್ತಿದೆ. ಎಸ್ಎಂಎಸ್ ಓದಾಕ ಪರ್ಮಿಷನ್ ಕೇಳ್ತು, ಕೊಟ್ಟೆ. ಏನೂ ತೆರಿಲಿಲ್ಲ, ಫೋನಿಗೆ ಜಾಗ ಕಡಿಮಿ ಆಗಿರಬೇಕು ಅಂದ್ಕೊಂಡು ಸುಮ್ನಾದೆ.

ಓದಿದವರು ಇಂಥಾದ್ದು ಒತ್ತತಾರೇನು ಅಂತ ಮಂದಿ ಕೇಳ್ತಾರ. ಅವರಿಗೆ ನಮ್ಮ ಕೆಲಸ ಗೊತ್ತಿಲ್ಲ. ನಮ್ಮ ಗ್ರೂಪ್‌ನಾಗ ಕೆಲಸದ ಆ್ಯಪ್‌ಗಳ ಹೊಸ ವರ್ಷನ್ನೂ ಹಿಂಗ ಎಪಿಕೆ ಆಗೇ ಬರತಿತ್ತು, ಹಳೇದು ತೆಗೀರಿ ಇದನ್ನ ಹಾಕ್ರಿ, ಸಂಜಿಯೊಳಗ ಪ್ರಗತಿ ತೋರಸ್ರಿ ಅಂತ. ಪ್ಲೇ ಸ್ಟೋರ್ ಬಿಟ್ಟು ಹೊರಗಿನ ಆ್ಯಪ್ ಹಾಕ್ಬ್ಯಾಡ ಅನ್ನೂ ಎಚ್ಚರಿಕೆ ದಿನಾ ದಾಟಿ ದಾಟಿ ಕೈಗೆ ರೂಢಿ ಆಗಿತ್ತು. ಹೊರಗಿನ ಆ್ಯಪ್ ಹಾಕಾಕ ಬಿಡೂ ಸೆಟ್ಟಿಂಗ್ ಆಗಲೇ ಆನ್ ಇತ್ತು, ಕಳ್ಳ ಆ್ಯಪ್ ತಡಿಯಾಕ ಏನೂ ಉಳಿದಿರಲಿಲ್ಲ. ಅದಕ್ಕ ಫೈಲ್ ಒತ್ತಿದ್ದನ್ನ ನಾನು ನನ್ನ ದೊಡ್ಡ ತಪ್ಪು ಅಂತ ಎಣಿಸಂಗಿಲ್ಲ. ದೊಡ್ಡ ತಪ್ಪು ಆಮ್ಯಾಲಿಂದು. ಅದನ್ನ ಸ್ವಲ್ಪ ಉದ್ದ ಹೇಳ್ತೀನಿ, ಯಾಕಂದ್ರ ಯಾವ ಟ್ರೈನಿಂಗ್‌ನಾಗೂ ನಂಗ ಇದನ್ನ ಯಾರೂ ಹೇಳಿರಲಿಲ್ಲ.

ಒಂದು ತಾಸಿನೊಳಗ ವಾಟ್ಸಾಪ್ ತಂತಾನ ಲಾಗೌಟ್ ಆತು. ನಿಮ್ಮ ನಂಬರ್ ಬ್ಯಾರೆ ಫೋನ್‌ನಾಗ ರಿಜಿಸ್ಟರ್ ಆಗೈತಿ ಅಂತ ತೋರಿಸ್ತು. ಕೆಲಸ ಹೆಂಗಾಗಿತ್ತು ಅಂದ್ರ, ಅವರು ತಮ್ಮ ಫೋನ್‌ನಾಗ ನನ್ನ ನಂಬರ್ ಹಾಕ್ಯಾರ, ವಾಟ್ಸಾಪ್‌ನವರು ಆರಂಕಿ ಕೋಡ್ ನನ್ನ ಸಿಮ್‌ಗೆ ಎಸ್ಎಂಎಸ್ ಕಳಿಸ್ಯಾರ, ನನ್ನ ಫೋನ್‌ನಾಗ ಕುಂತ ಆ್ಯಪ್ ಅದನ್ನ ಓದಿ ಅವರಿಗೆ ದಾಟಿಸೈತಿ. ಹಳೆ ಚಾಟ್ ಅವರಿಗೆ ಸಿಗಂಗಿಲ್ಲ, ಅವು ನಮ್ಮ ಫೋನ್‌ನಾಗ ಉಳಿತಾವು. ಆದ್ರ ಗ್ರೂಪುಗಳು ಸಿಗತಾವು, ಅಡ್ಮಿನ್ ಇದ್ರ ಅಡ್ಮಿನ್ ಅಧಿಕಾರದ ಸಮೇತ. ನಾನು ನನ್ನ ಸರ್ಕಲಿನ ಊರೂರ ಗ್ರೂಪಿಗೆ ಅಡ್ಮಿನ್.

ಗಾಬರಿ ಆಗಿ ಫೋನ್ ಬಗ್ಗೆ ತಿಳಿದ ಗೆಳೆಯ ಒಬ್ಬಂಗ ಕೇಳಿದೆ. ಅವ ಅಂದ, ಕಳ್ಳರು ಎಸ್ಎಂಎಸ್ ಕೋಡ್ ಆದ ಮ್ಯಾಲ ಕೇಳೂ ಎರಡನೇ ಪಿನ್ ಹಾಕಿರತಾರ, ಈಗ ನೀ ಏನ್ ಮಾಡಿದ್ರೂ 7 ದಿನ ಅಕೌಂಟ್ ತೆರಿಯಂಗಿಲ್ಲ, ಸುಮ್ನ ಕೋಡ್ ಹಾಕಿ ಹಾಕಿ ಲಾಕ್ ಮಾಡ್ಕೋಬ್ಯಾಡ, ನೆಟ್ ಬಂದ್ ಮಾಡಿ ಇಡು, ಸಪೋರ್ಟಿಗೆ ಮೇಲ್ ಹಾಕು. ನಂಗ ಖರೆ ಅನ್ನಿಸ್ತು. ಬ್ಯಾಂಕ್ ಬ್ಯಾಲೆನ್ಸ್ ನೋಡಿದೆ, ಪಗಾರ ಹಂಗ ಇತ್ತು. ನಂದೇನೂ ಹೋಗಿಲ್ಲ ಅಂತ ಸಮಾಧಾನ ಆತು, ಸಾಹೇಬ್ರಿಗೆ ಹೇಳಿದ್ರ ನೋಟಿಸ್ ಕೊಡತಾರ ಅನ್ನೂ ಅಂಜಿಕೆನೂ ಇತ್ತು, ಮುಂಜಾನೆ ನೋಡೂಣು ಅಂತ ಮಲಗಿದೆ.

ಗೆಳೆಯ ಹೇಳಿದ್ದು ಅರ್ಧ ಖರೆ. ಕಳ್ಳರು ಪಿನ್ ಹಾಕಿದ್ರ ನಮಗ 7 ದಿನ ಅಕೌಂಟ್ ಸಿಗಂಗಿಲ್ಲ, ಅದು ನಿಜ. ಆದ್ರ ನಾವು ಮತ್ತ ನಮ್ಮ ನಂಬರ್ ಹಾಕಿ, ಎಸ್ಎಂಎಸ್‌ನಾಗ ಬಂದ ಆರಂಕಿ ಕೋಡ್ ಕೊಟ್ಟ ಕ್ಷಣನ ಅವರು ಹೊರಗ ಬೀಳ್ತಾರ, ಪಿನ್ ನಮಗ ಗೊತ್ತಿರಲಿ ಬಿಡಲಿ. ಅಂದ್ರ ನಾವು ಒಳಗ ಹೋಗಾಕ ಆಗದಿದ್ರೂ ಅವರನ್ನ ಹೊರಗ ಹಾಕಾಕ ಬರತೈತಿ. ಇಷ್ಟ ಗೊತ್ತಿದ್ರ ಸಾಕಿತ್ತು. ಸಿಮ್ ತೆಗೆದು ಮನಿಯವರ ಫೋನಿಗೆ ಹಾಕಿ, ಆ ಕಳ್ಳ ಆ್ಯಪ್ ಇಲ್ಲದ ಫೋನ್‌ನಾಗ ವಾಟ್ಸಾಪ್ ರಿಜಿಸ್ಟರ್ ಮಾಡಿದ್ರ ಕೆಲಸ ಅಲ್ಲಿಗೆ ಮುಗೀತಿತ್ತು. ನಾನು ರಾತ್ರಿ ಪೂರ್ತಿ ಅಕೌಂಟನ್ನ ಅವರ ಕೈಯಾಗ ಬಿಟ್ಟೆ. ನನ್ನ ಬ್ಯಾಲೆನ್ಸ್ ನೋಡ್ಕೊಂಡೆ, ನನ್ನ ನಂಬರ್ ಏನ್ ಮಾಡಾಕತ್ತೈತಿ ಅನ್ನೂದನ್ನ ನೋಡಲಿಲ್ಲ.

ಮುಂಜಾನೆ ಒಬ್ಬ ರೈತ ಫೋನ್ ಮಾಡಿದ. ‘ಸಾಹೇಬ್ರ, ನೀವು ರಾತ್ರಿ ಕಳಿಸಿದ ಪರಿಹಾರದ ಪಟ್ಟಿ ತೆರೀವಲ್ದು ನೋಡ್ರಿ’ ಅಂದ.

ನನ್ನ ಹೆಸರಿನಿಂದ, ನನ್ನ ಫೋಟೋ ಇದ್ದ ನಂಬರಿನಿಂದ, ನಾ ಅಡ್ಮಿನ್ ಇದ್ದ ಗ್ರೂಪುಗಳಿಗೆ ಬೆಳೆ ಪರಿಹಾರ ಪಟ್ಟಿ ಅಂತ ಅಂಥಾದ ಎಪಿಕೆ ಹೋಗಿತ್ತು. ಮದುವಿ ಕಾರ್ಡ್ ಆಗಿದ್ರ ಅರ್ಧ ಮಂದಿ ನೋಡ್ತಿರಲಿಲ್ಲ. ಭತ್ತ ಕಳಕೊಂಡು ಪಟ್ಟಿಯೊಳಗ ಹೆಸರು ಐತೇನು ಅಂತ ಕಾಯೂ ಮಂದಿಗೆ ಸರ್ಕಾರಿ ಮನಷ್ಯಾನ ನಂಬರಿನಿಂದ ಪಟ್ಟಿ ಬಂದ್ರ ಯಾರು ಬಿಡತಾರ ಹೇಳ್ರಿ. ಕೆಲವರ ಖಾತೆಯಿಂದ ದುಡ್ಡು ಹೋತು. ಅದರಾಗ ಒಬ್ಬ ಹಿಂದಿನ ವಾರ ಇದ್ದಬಿದ್ದ ಭತ್ತ ಮಾರಿ, ಮಗಳ ಫೀ ಕಟ್ಟಾಕ ಅಂತ ಖಾತೆಗೆ ಹಾಕಿಸಿದ್ದ. ಸೈಬರ್ ವಂಚನೆ ಸಹಾಯವಾಣಿ 1930ಕ್ಕ ಫೋನ್ ಹಚ್ಚಿದ್ವಿ, ಜಿಲ್ಲಾ ಸೈಬರ್ ಪೊಲೀಸ್ ಠಾಣೆಗೆ ಹೋದ್ವಿ. ಲಗೂನ ಹೇಳಿದವರ ದುಡ್ಡು ಸ್ವಲ್ಪ ನಡುವಿನ ಖಾತೆಯೊಳಗ ತಡೆದು ನಿಂತಿತು, ಅವಂದು ಅಷ್ಟೊತ್ತಿಗೆ ಎಟಿಎಂನಾಗ ತೆಗೆದಾಗಿತ್ತು. ನಂಗ ಕಾರಣ ಕೇಳಿ ನೋಟಿಸ್ ಬಂತು, ಉತ್ತರ ಕೊಟ್ಟೆ, ಅದು ಹ್ಯಾಂಗೋ ದಾಟಿತು. ಅವನ ಮನಿ ಮುಂದ ಹಾದು ಹೋಗೂದು ಇನ್ನೂ ಸುಲಭ ಆಗಿಲ್ಲ.

ಈಗ ನಿಮ್ಮ ಪ್ರಶ್ನೆಗೆ ಬರತೀನಿ. ಆಂಟಿವೈರಸ್ ಹಾಕ್ರಿ ಬಿಡ್ರಿ, ಅದು ನಿಮ್ಮಿಷ್ಟ. ನಂದು ಆವತ್ತು ಏನೂ ಹೇಳಲಿಲ್ಲ, ಪರ್ಮಿಷನ್ ನಾನ ಕೈಯಾರೆ ಕೊಟ್ಟಿದ್ದೆ. ನೀವು ನಿಮ್ಮ ಫೋನ್‌ನಾಗಿನ ಡೇಟಾ ಹೆಂಗ ಕಾಯೂದು ಅಂತ ಕೇಳಾಕತ್ತೀರಿ, ನಾ ಹೇಳೂದು ನಿಮ್ಮ ನಂಬರಿನ ಮ್ಯಾಲ ಊರು ಇಟ್ಟ ನಂಬಿಕೆ ಕಾಯ್ರಿ ಅಂತ. ಕಳ್ಳರಿಗೆ ಬೇಕಾಗಿದ್ದು ನನ್ನ ಪಹಣಿ ಫೋಟೋ ಅಲ್ಲ, ನನ್ನ ಪಗಾರನೂ ಅಲ್ಲ. ಸರ್ಕಾರದವರು ಕಳಿಸ್ಯಾರ ಅಂತ ಮಂದಿ ಕಣ್ಣು ಮುಚ್ಚಿ ತೆರಿಯೂ ಒಂದು ನಂಬರ್ ಬೇಕಾಗಿತ್ತು.

ಇದು ಬರೇ ದುಡ್ಡಿನ ಮಾತಲ್ರಿ. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಡ್ಯಾಮಿನ 19ನೇ ಗೇಟು ಚೈನ್ ಹರಿದು ಕೊಚ್ಚಿ ಹೋದದ್ದು ನಿಮಗೂ ನೆನಪಿರಬೇಕು. ಆ ರಾತ್ರಿ ನದಿ ದಂಡಿ ಊರಿಗೆಲ್ಲಾ ಸುದ್ದಿ ಮುಟ್ಟಿಸಿದ್ದು ಇದ ಫೋನು, ಇದ ವಾಟ್ಸಾಪು. ಅದಕ್ಕ ಫೋನ್ ಮುಟ್ಟಬ್ಯಾಡ್ರಿ ಅನ್ನೂ ಉಪದೇಶ ನಮ್ಮ ಕೆಲಸಕ್ಕ ಹೊಂದಂಗಿಲ್ಲ. ಆದ್ರ ಅಂಥಾ ರಾತ್ರಿ ಒಬ್ಬ ಅಧಿಕಾರಿ ನಂಬರ್ ಬ್ಯಾರೆಯವರ ಕೈಯಾಗ ಇದ್ದು, ನೀರು ಬರಂಗಿಲ್ಲ ಮಲಗ್ರಿ ಅಂತನೋ, ಡ್ಯಾಮ್ ಪೂರ್ತಿ ಒಡೀತು ಓಡ್ರಿ ಅಂತನೋ ಒಂದು ಮೆಸೇಜ್ ಹೋಗಿದ್ರ ಏನಾಗತಿತ್ತು ಅಂತ ಯೋಚನೆ ಮಾಡ್ರಿ. ನಂಗ ಆ ಯೋಚನೆ ಬಂದಾಗೆಲ್ಲಾ ಮೈ ಝುಂ ಅಂತೈತಿ.

ನಿಮ್ಮ ಪ್ರಶ್ನೆ ಕೆಳಗ ಒಬ್ರು ಪೆಗಾಸಸ್ ಅನ್ನೂ ಬೇಹುಗಾರಿಕೆ ಸಾಫ್ಟ್‌ವೇರ್ ಬಗ್ಗೆ ಬರದಾರ. 2019ರಾಗ ವಾಟ್ಸಾಪ್ ಕರೆ ಮೂಲಕ ಸುಮಾರು 1,400 ಫೋನ್‌ಗೆ ಅದನ್ನ ಬಿಟ್ಟಿದ್ರು, ಕರೆ ಎತ್ತದಿದ್ರೂ ಒಳಗ ಹೋಗತಿತ್ತು, ಎಲ್ಲಾ ಖರೆ. ಅದು ಪತ್ರಕರ್ತರು, ಹೋರಾಟಗಾರರು, ದೊಡ್ಡ ಕುರ್ಚಿಯವರ ಮ್ಯಾಲ ಬಿಡೂ ದುಬಾರಿ ಅಸ್ತ್ರ. ನಮ್ಮಂಥವರ ಫೋನಿಗೆ ಬರೂದು ಮದುವಿ ಕಾರ್ಡು, ಟ್ರಾಫಿಕ್ ಚಲನ್ನು, ಪಿಎಂ ಕಿಸಾನ್ ಹೆಸರಿನ ಎಪಿಕೆ. ಅದರ ಮ್ಯಾಲ ಗಮನ ಇಡ್ರಿ.

ನಾ ಈಗ ಮಾಡಿದ್ದು ಹೇಳ್ತೀನಿ, ನೀವೂ ಹಿಂಗ ಮಾಡ್ರಿ ಅಂತ ಗಟ್ಟಿಯಾಗೇ ಹೇಳ್ತೀನಿ. ಆಫೀಸಿಗೆ ಬ್ಯಾರೆ ಸಿಮ್, ಬ್ಯಾರೆ ಹ್ಯಾಂಡ್‌ಸೆಟ್. ಡ್ಯುಯಲ್ ಸಿಮ್ ಸಾಕಲ್ಲ ಅಂತೀರಿ, ಸಾಕಾಗಂಗಿಲ್ಲ, ಒಂದ ಫೋನ್‌ನಾಗ ಕುಂತ ಕಳ್ಳ ಆ್ಯಪ್ ಎರಡೂ ಸಿಮ್ಮಿನ ಎಸ್ಎಂಎಸ್ ಓದತೈತಿ. ಹ್ಯಾಂಡ್‌ಸೆಟ್ ಸಾದಾ ಇರಲಿ, ಆದ್ರ ಸೆಕ್ಯುರಿಟಿ ಅಪ್ಡೇಟ್ ಬರೂವಂಥಾದ್ದು ಇರಲಿ. ಆ ಫೋನ್‌ನಾಗ ಯುಪಿಐ ಬ್ಯಾಡ, ಹುಡುಗರ ಗೇಮ್ ಬ್ಯಾಡ, ಮನಿ ಗ್ರೂಪು ಬ್ಯಾಡ. ಬ್ಯಾಂಕಿಗೆ ಕೊಟ್ಟ ನಂಬರಿನ ಸಿಮ್ ಕೀಪ್ಯಾಡ್ ಫೋನ್‌ನಾಗ ಇಡ್ರಿ, ಅಲ್ಲಿ ಓಟಿಪಿ ಕದಿಯೂ ಎಪಿಕೆ ಕೂಡಾಕ ಬರಂಗಿಲ್ಲ. ಸ್ವಂತ ದುಡ್ಡು ಯಾಕ ಹಾಕಬೇಕು ಅಂತ ಸಿಟ್ಟು ಬರೂದು ನ್ಯಾಯನ, 2024ರ ಸೆಪ್ಟೆಂಬರ್‌ನಾಗ ನಮ್ಮ ಮಂದಿ ರಾಜ್ಯದ ತುಂಬ ಮುಷ್ಕರ ಕುಂತಾಗ ಈ ಆ್ಯಪ್‌ಗಳ ಹೊರೆ, ಕೆಲಸಕ್ಕ ಬೇಕಾದ ಸಾಮಾನು ಕೊಡದಿರೂದು, ಇದ ದೊಡ್ಡ ಮಾತಾಗಿತ್ತು. ಸರ್ಕಾರಿ ಕೆಲಸಕ್ಕ ಸರ್ಕಾರನ ಫೋನ್ ಕೊಡಬೇಕು, ಇದರಾಗ ನಂಗ ಎರಡು ಮಾತಿಲ್ಲ. ಬರವಣಿಗೆಯೊಳಗ ಕೇಳ್ರಿ, ಅರ್ಜಿ ಕೊಟ್ಟ ಸ್ವೀಕೃತಿ ಇಟ್ಕೊಳ್ರಿ. ಆದ್ರ ಕೊಡೂತನಕ ಕಾಯಬ್ಯಾಡ್ರಿ.

ವಾಟ್ಸಾಪ್‌ನ ಟು-ಸ್ಟೆಪ್ ಪಿನ್, ಅಂದ್ರ ಮೊದಲ ಹೇಳಿದ ಆ ಎರಡನೇ ಪಿನ್, ಇವತ್ತ ಹಾಕ್ರಿ, ಇಮೇಲ್ ಸಮೇತ. ನಾನು ಅದನ್ನ ಮೊದಲ ಹಾಕಿದ್ದಿದ್ರ ಕೋಡ್ ಕದ್ರೂ ಅವರಿಗೆ ನನ್ನ ಅಕೌಂಟ್ ತೆರೀತಿರಲಿಲ್ಲ. ಲಿಂಕ್ಡ್ ಡಿವೈಸಸ್, ಅಂದ್ರ ನಿಮ್ಮ ವಾಟ್ಸಾಪ್ ಮತ್ತ ಎಲ್ಲೆಲ್ಲಿ ತೆರೆದೈತಿ ಅನ್ನೂ ಪಟ್ಟಿ, ಆಗಾಗ ತೆಗೆದು ನೋಡ್ರಿ, ಆಫೀಸ್ ಕಂಪ್ಯೂಟರ್‌ನಾಗ ವಾಟ್ಸಾಪ್ ವೆಬ್ ಹಂಗ ಬಿಟ್ಟು ಊಟಕ್ಕ ಹೋಗೂದು ನಮ್ಮ ಕಡೆ ಭಾಳ. ಕೊರಿಯರ್‌ನವ್ರು ಅಂತ ಹೇಳಿ *401* ಅಂತ ಶುರುವಾಗೂ ನಂಬರ್ ಒತ್ತಿಸಿದ್ರ ಒತ್ತಬ್ಯಾಡ್ರಿ, ನಿಮ್ಮ ಕರೆ ಅವರ ಕಡೆ ತಿರುಗತಾವು, ಅದಕ್ಕ ನೋಡ್ರಿ 2024ರ ಏಪ್ರಿಲ್ 15ರಿಂದ ದೂರಸಂಪರ್ಕ ಇಲಾಖೆ ಆ ಸೌಲಭ್ಯನ ನಿಲ್ಲಸ್ರಿ ಅಂತ ಕಂಪನಿಗಳಿಗೆ ಹೇಳಿದ್ದು. ರೈತರ ಆಧಾರ್, ಪಾಸ್‌ಬುಕ್ ಫೋಟೋ ಕೆಲಸ ಮುಗಿದ ಕೂಡಲೇ ಅಳಸ್ರಿ, ಗ್ಯಾಲರಿಗೆ ತಾನ ಬೀಳೂದನ್ನ ಬಂದ್ ಮಾಡ್ರಿ, ಇಲ್ಲಾಂದ್ರ ಗೂಗಲ್ ಫೋಟೋಸ್ ಮೂಲಕ ಮನಿ ಟ್ಯಾಬ್‌ನಾಗೂ ಅವರ ಆಧಾರ್ ಕುಂತಿರತೈತಿ. ಆಫೀಸ್ ಕಾಗದ ಸ್ಕ್ಯಾನ್ ಮಾಡಾಕ ಕ್ಯಾಮ್‌ಸ್ಕ್ಯಾನರ್ ಎಪಿಕೆ ಹುಡುಕಿ ಹಾಕ್ಕೊಂಡವರನ್ನ ನಾ ಈಗಲೂ ನೋಡ್ತೀನಿ. 2020ರ ಜೂನ್‌ನಾಗ ಕೇಂದ್ರ ಬಂದ್ ಮಾಡಿದ 59 ಚೀನಾ ಆ್ಯಪ್‌ನಾಗ ಅದು ಒಂದು, 2022ರ ಜೂನ್‌ನಾಗ ತನ್ನ ನೌಕರರಿಗೆ ಕೊಟ್ಟ ಸೂಚನೆಯೊಳಗ ಅಂಥಾ ಸ್ಕ್ಯಾನರ್ ಆ್ಯಪ್‌ನಾಗ ಸರ್ಕಾರಿ ಕಾಗದ ಹಾಕಬ್ಯಾಡ್ರಿ ಅಂತ ಮತ್ತ ಹೇಳೈತಿ.

ಮತ್ತ ಊರಿಗೆ ಹೇಳ್ರಿ. ನಾವು ಆದ ಮ್ಯಾಲ ಊರೂರಾಗ ಡಂಗುರ ಹೊಡಿಸಿದ್ವಿ, ಪಂಚಾಯ್ತಿ ಬೋರ್ಡಿಗೆ ಬರೆದು ಹಚ್ಚಿದ್ವಿ: ಕಂದಾಯದವರು ಯಾವ ಪಟ್ಟಿನೂ ಆ್ಯಪ್ ಆಗಿ ಕಳಸಂಗಿಲ್ಲ, ಪಟ್ಟಿ ಚಾವಡಿ ಗೋಡೆ ಮ್ಯಾಲ ಇರತೈತಿ. ನೀವು ಮೊದಲ ಮಾಡ್ರಿ. ದುಡ್ಡು ಹೋದವರು ಬಂದ್ರ 1930ರ ಜೊತಿ ಬ್ಯಾಂಕಿಗೂ ಆ ಗಳಿಗೆನ ಹೇಳಿಸ್ರಿ. ರಿಸರ್ವ್ ಬ್ಯಾಂಕ್ 2017ರಾಗ ತಂದ ನಿಯಮದ ಪ್ರಕಾರ ಗ್ರಾಹಕ ತಪ್ಪು ಮಾಡಿದ್ರೂ, ಬ್ಯಾಂಕಿಗೆ ತಿಳಿಸಿದ ಮ್ಯಾಲ ಹೋದ ದುಡ್ಡು ಬ್ಯಾಂಕಿನ ಹೊಣೆ. ದೂರಿನ ನಂಬರ್ ಬರಸ್ಕೊಳ್ಳೂತನಕ ಬ್ಯಾಂಕಿನಿಂದ ಎದ್ದು ಬರಬ್ಯಾಡ್ರಿ.

ಪ್ರೊಬೇಷನ್‌ನಾಗ ಇದೀನಿ, ಏನಾರ ಆದ್ರ ಮ್ಯಾಲಿನವರಿಗೆ ಹೇಳಾಕ ಅಂಜಿಕೆ ಅಂತನೂ ಬರದೀರಿ. ಹೇಳ್ರಿ. ಗ್ರೂಪ್‌ನಾಗ ನನ್ನ ನಂಬರಿಂದ ಬಂದದ್ದು ತೆರಿಯಬ್ಯಾಡ್ರಿ ಅಂತ ಬ್ಯಾರೆ ಅಡ್ಮಿನ್ ಕಡೆಯಿಂದ ಆಗಲೇ ಹಾಕಸ್ರಿ, ನೋಟಿಸ್ ಬಂದ್ರ ಉತ್ತರ ಬರಿಯಾಕ ಟೈಮ್ ಇರತೈತಿ. ಇನ್ನ ಆ ಆಫೀಸ್ ಸಿಮ್ಮು, ವರ್ಗಾವಣೆ ಆದ ದಿನ ಮನಿಗೆ ಒಯ್ಯಬ್ಯಾಡ್ರಿ. ಅಧಿಕಾರ ಒಪ್ಪಿಸೂ ಚಾರ್ಜ್ ಪಟ್ಟಿಯೊಳಗ ರಿಜಿಸ್ಟರುಗಳ ಕೆಳಗ ಅದರ ನಂಬರೂ ಬರೆದು, ನಿಮ್ಮ ಹೆಸರಿನಾಗಿದ್ರ ಮುಂದ ಬರೂವವರ ಹೆಸರಿಗೆ ಮಾಡಿಸಿ, ವಾಟ್ಸಾಪ್ ಪಿನ್ ಬದಲಿ ಮಾಡಿಸಿ, ಸಹಿ ತಗೊಂಡು ಕೊಡ್ರಿ. ನಾನು ಹಿಂದಿನ ಸರ್ಕಲ್ ಬಿಟ್ಟಾಗ ಹಂಗ ಕೊಟ್ಟು ಬಂದೀನಿ, ಆ ಊರಿನ ಮಂದಿ ಇವತ್ತೂ ಅದ ನಂಬರಿಗೆ ಫೋನ್ ಮಾಡ್ತಾರ, ಈಗಿನವರು ಎತ್ತತಾರ.